ಎಂಆರ್‌ಐ ಮಿಷನ್‌ನಲ್ಲೇ ಮಲಗಿಸಿ ಕೀಲಿಗೆ ಇಂಜೆಕ್ಷನ್: ನಮ್ಮ ಕಡೆಯವರಿಗೆ ಇದು ಬೇಕಾ?

ಸಕಲೇಶಪುರದವ

ಎಲ್ಲರಿಗೂ ನಮಸ್ಕಾರ. ತಮ್ಮನ ವಿಷಯ ಕೇಳೋಣ ಅಂತ ಬರೆಯುತ್ತಿದ್ದೇನೆ. ಅವನಿಗೆ ವಯಸ್ಸು 26. ಬೆಳಿಗ್ಗೆ ಏಳುವಾಗ ಸೊಂಟದ ಕೆಳಗೆ, ಕುಂಡಿಯ ಒಳಭಾಗದಲ್ಲಿ ವಿಪರೀತ ನೋವು. ಮೈ ಎಲ್ಲ ಹಿಡಿದುಕೊಂಡ ಹಾಗೆ ಇರುತ್ತದೆ. ತೋಟದಲ್ಲಿ ಒಂದು ಸುತ್ತು ಹಾಕಿ ಬಂದರೆ ಸಡಿಲ ಆಗುತ್ತದೆ, ಸುಮ್ನೆ ಕೂತರೆ ಮತ್ತೆ ಶುರು. ಊರಲ್ಲಿ ಎಲ್ಲರೂ ಡಿಸ್ಕ್ ಅಂದರು. ಹಾಸನದಲ್ಲಿ ಎಂಆರ್‌ಐ ಮಾಡಿಸಿದಾಗ ಡಿಸ್ಕ್ ಸರಿಯಾಗಿಯೇ ಇತ್ತು. ಎಸ್‌ಐ ಜಾಯಿಂಟ್‌ನಲ್ಲಿ, ಅಂದರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲಿನಲ್ಲಿ, ಉರಿಯೂತ ಅಂತ ಬಂತು, ಬಲಗಡೆ ಜಾಸ್ತಿ. ರಕ್ತದಲ್ಲಿ ಎಚ್‌ಎಲ್‌ಎ-ಬಿ27 (ಈ ಥರದ ಬೆನ್ನಿನ ವಾತ ಇರುವವರಲ್ಲಿ ಹೆಚ್ಚಾಗಿ ಕಾಣುವ ಗುರುತು) ಪಾಸಿಟಿವ್. ರುಮಟಾಲಜಿ (ಕೀಲುವಾತದ) ಡಾಕ್ಟರ್ ನೋಡಿ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ಬೆನ್ನಿನ ವಾತ ಶುರುವಾಗುತ್ತಿರುವ ಹಾಗಿದೆ ಅಂದರು. ಮಾತ್ರೆ, ವ್ಯಾಯಾಮ ನಡೆಯುತ್ತಿದೆ. ಬಲಗಡೆ ನೋವು ಬಗ್ಗುತ್ತಿಲ್ಲ. ಅದಕ್ಕೆ ಆ ಕೀಲಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿ ನೋಡೋಣ ಅಂದಿದ್ದಾರೆ.

ಈಗ ತೊಡಕು ಏನೆಂದರೆ, ಜರ್ಮನಿಯಲ್ಲಿರುವ ನೆಂಟರೊಬ್ಬರು ಫೋನ್ ಮಾಡಿ, ಅಲ್ಲಿ ಎಂಆರ್‌ಐ ಮಿಷನ್ ಒಳಗೆ ಮಲಗಿಸಿ ಸೂಜಿ ಎಲ್ಲಿ ಹೋಗುತ್ತಿದೆ ಅಂತ ನೋಡಿಕೊಂಡೇ ಕೊಡುತ್ತಾರೆ, ಎಕ್ಸ್‌ರೇ ಕಿರಣದ ತೊಂದರೆಯೂ ಇಲ್ಲ ಅಂದಿದ್ದಾರೆ. ಅಮ್ಮ ಅದನ್ನೇ ಹಿಡಿದು ಕೂತಿದ್ದಾರೆ. ಎಷ್ಟು ದೂರ ಆದರೂ ಸರಿ, ಹಾಗೇ ಕೊಡಿಸು ಅಂತ. ಗೊತ್ತಿದ್ದವರು ಹೇಳಿ.

ಅರಸೀಕೆರೆ ತೆಂಗು

ಎಂಆರ್‌ಐ ಆಗಿದೆ ಅಂತ ನೀವೇ ಬರೆದಿದ್ದೀರಲ್ಲ. ಆ ಫಿಲಂ ನೋಡಿಕೊಂಡೇ ತಾನೇ ಡಾಕ್ಟರ್ ಇಂಜೆಕ್ಷನ್ ಕೊಡೋದು? ನನ್ನ ಭುಜಕ್ಕೂ ಹಾಗೇ ಕೊಟ್ಟರು. ಫಿಲಂ ಲೈಟಿಗೆ ಹಿಡಿದು ನೋಡಿದರು, ಆಮೇಲೆ ಚುಚ್ಚಿದರು. ಇದರಲ್ಲಿ ಹೊಸದೇನಿದೆ?

ಮ್ಯಾಗ್ನೆಟ್ ರೂಮ್

ಎರಡೂ ಬೇರೆ ಬೇರೆ. ನಾನು ಎಂಆರ್‌ಐ ಟೆಕ್ನೀಷಿಯನ್. ಹಾಸನಕ್ಕೆ ಬರುವ ಮೊದಲು ಹೊರರಾಜ್ಯದ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಎಂಆರ್‌ಐ ಒಳಗೆ ಸೂಜಿ ಹಾಕುವ ಕೆಲಸ ಹತ್ತಿರದಿಂದ ನೋಡಿದ್ದೇನೆ. ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಉದ್ದ ಆಗುತ್ತದೆ.

ಎಸ್‌ಐ ಜಾಯಿಂಟ್‌ಗೆ ಅಂದರೆ ರೋಗಿಯನ್ನು ಬೋರಲು ಮಲಗಿಸುತ್ತಾರೆ. ಸೊಂಟದ ಮೇಲೆ ಬಾಗುವಂಥ ಒಂದು ಕಾಯಿಲ್ (ಚಿತ್ರಕ್ಕೆ ಬೇಕಾದ ಸಿಗ್ನಲ್ ಹಿಡಿಯುವ ಪಟ್ಟಿ) ಇಡುತ್ತಾರೆ, ಮಧ್ಯದಲ್ಲಿ ಕೈ ಆಡಿಸಲು ಜಾಗ ಇರುತ್ತದೆ. ಚರ್ಮದ ಮೇಲೆ ಗುರುತಿಗೆ ಏನು ಅಂಟಿಸುತ್ತಾರೆ ಗೊತ್ತಾ? ವಿಟಮಿನ್ ಇ ಕ್ಯಾಪ್ಸೂಲ್. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದಲ್ಲ, ಮುಖಕ್ಕೆ ಹಚ್ಚಿಕೊಳ್ಳುತ್ತಾರೆ, ಅದೇ. ಒಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮೀನೆಣ್ಣೆ ಕ್ಯಾಪ್ಸೂಲ್ ಕೂಡ ಆಗುತ್ತದೆ. ಒಂದು ಸ್ಕ್ಯಾನ್ ತೆಗೆದು, ಆ ಬಿಳಿ ಚುಕ್ಕೆಯಿಂದ ಕೀಲು ಎಷ್ಟು ಆಳ, ಯಾವ ಕೋನ ಅಂತ ಲೆಕ್ಕ ಹಾಕುತ್ತಾರೆ. ಟೇಬಲ್ ಹೊರಗೆ ಎಳೆದು, ಚರ್ಮ ಶುಚಿ ಮಾಡಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಸ್ವಲ್ಪ ಇಳಿಸುತ್ತಾರೆ. ಮತ್ತೆ ಒಳಗೆ ತಳ್ಳಿ ಸ್ಕ್ಯಾನ್. ಮತ್ತೆ ಹೊರಗೆ. ಹೀಗೇ ಇಂಚಿಂಚು. ಸೂಜಿಯ ತುದಿ ಕೀಲಿನೊಳಗೆ ಇದೆ ಅಂತ ಖಾತ್ರಿಯಾದ ಮೇಲೆ ಔಷಧಿ ಹಾಕುತ್ತಾರೆ. ಓಪನ್ ಮಾದರಿಯ ಮಿಷನ್ ಇದ್ದರೆ ಒಳಗೆ ಹೊರಗೆ ತಳ್ಳುವ ಕೆಲಸ ಕಡಿಮೆ. 1994ರಲ್ಲೇ ಬಾಸ್ಟನ್‌ನ ಬ್ರಿಗಮ್ ಆಸ್ಪತ್ರೆಯಲ್ಲಿ ಎರಡು ಉಂಗುರಗಳ ನಡುವೆ ಡಾಕ್ಟರ್ ನಿಂತು ಕೆಲಸ ಮಾಡುವಂಥ 0.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಮಿಷನ್ ಹಾಕಿದ್ದರು.

ಸೂಜಿ ಮಾಮೂಲಿ ಸ್ಟೀಲ್‌ದು ಆಗುವುದಿಲ್ಲ. ಅಯಸ್ಕಾಂತ ಎಳೆಯುತ್ತದೆ, ಚಿತ್ರವೂ ಕೆಡುತ್ತದೆ. ಟೈಟಾನಿಯಂ ಥರದ ಲೋಹದ ಸೂಜಿಯೇ ಬೇಕು, ಬೆಲೆ ಮಾಮೂಲಿಗಿಂತ ಎಷ್ಟೋ ಪಟ್ಟು. ಅದು ಕೂಡ ಚಿತ್ರದಲ್ಲಿ ಸೂಜಿಯಾಗಿ ಕಾಣುವುದಿಲ್ಲ, ಕಪ್ಪು ಗೆರೆಯಾಗಿ ಕಾಣುತ್ತದೆ. ಗೆರೆ ಸೂಜಿಗಿಂತ ದಪ್ಪ. ಅಯಸ್ಕಾಂತದ ದಿಕ್ಕಿಗೆ ಸೂಜಿ ಅಡ್ಡವಾದಷ್ಟೂ ಗೆರೆ ದಪ್ಪವಾಗುತ್ತದೆ. ಅದನ್ನು ಓದಲು ಪಳಗಿದ ಕಣ್ಣು ಬೇಕು.

ರೂಮಿನೊಳಗೆ ಕತ್ತರಿ, ಟ್ರೇ, ಸಿಲಿಂಡರ್ ಯಾವುದೂ ಕಬ್ಬಿಣದ್ದು ಬರುವಂತಿಲ್ಲ. 2018ರಲ್ಲಿ ಮುಂಬೈನಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ರೋಗಿಯ ಕಡೆಯವರೊಬ್ಬರು ಪ್ರಾಣ ಕಳೆದುಕೊಂಡಿದ್ದು ನೆನಪಿರಬಹುದು. ಸ್ಕ್ಯಾನ್ ನಡೆಯದೇ ಇದ್ದಾಗಲೂ ಅಯಸ್ಕಾಂತ ಆನ್ ಇರುತ್ತದೆ. ಇದನ್ನು ನಾವು ದಿನಾ ಹೇಳುತ್ತೇವೆ, ಆದರೂ ಜನ ಜೇಬಲ್ಲಿ ಬೀಗದ ಕೈ ಇಟ್ಟುಕೊಂಡೇ ಬರುತ್ತಾರೆ.

ಇಲ್ಲಿ ನಾನು ಕೆಲಸ ಮಾಡಿದ ಸೆಂಟರ್‌ಗಳಲ್ಲಿ ಈ ರೀತಿ ಇಂಜೆಕ್ಷನ್ ಕೊಟ್ಟಿದ್ದು ನೋಡಿಲ್ಲ.

ಮೂಡಿಗೆರೆ ಮೆಣಸು

ಮಾರಾಯ್ರೇ, ಹೊರಗೆ ಬೆಂಚಿನ ಮೇಲೆ ಅಷ್ಟು ಜನ ಸ್ಕ್ಯಾನ್‌ಗೆ ಕಾಯುತ್ತಾ ಕೂತಿರುತ್ತಾರೆ. ಒಬ್ಬರ ಸೊಂಟದ ಸೂಜಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಮಿಷನ್ ಬಿಟ್ಟುಕೊಡುವುದು ಯಾವ ಸೆಂಟರ್‌ಗೆ ಗಿಟ್ಟುತ್ತದೆ? ಆ ಹೊತ್ತಿನಲ್ಲಿ ಇಬ್ಬರು ಮೂವರ ಸ್ಕ್ಯಾನ್ ಮುಗಿಯುತ್ತದೆ. ಆ ದುಡ್ಡು ಕೊನೆಗೆ ಯಾರ ಬಿಲ್‌ಗೆ ಬರುತ್ತದೆ ಅಂತ ಬೇರೆ ಹೇಳಬೇಕಾ?

ನನಗೆ ಅನ್ನಿಸುವುದು, ಫಾರಿನ್‌ನಲ್ಲಿ ಮಾಡುತ್ತಾರೆ ಅಂದ ಕೂಡಲೇ ನಮಗೂ ಅದೇ ಬೇಕು ಅನ್ನುವ ಚಪಲ. ಹಿಂದೆ ಅಪ್ಪನ ಬೆನ್ನಿಗೂ ಹೀಗೇ ದೊಡ್ಡ ಹೆಸರಿನ ಚಿಕಿತ್ಸೆ ಅಂತ ದೂರದ ಊರಿಗೆ ಕರೆದುಕೊಂಡು ಹೋದೆವು. ವಾಪಸ್ ಬರುವಾಗ ಕಾರಲ್ಲಿ ಕೂತೇ ಅವರ ಬೆನ್ನು ಇನ್ನೂ ಹಾಳಾಯಿತು.

ಪಿಜಿ ರೇಡಿಯಾಲಜಿ

ಮೆಣಸು ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಇದು ಸುಮ್ನೆ ಚಪಲ ಅಲ್ಲ. ಎಸ್‌ಐ ಜಾಯಿಂಟ್ ವಿಷಯದಲ್ಲಿ ಏನಾದರೊಂದು ನೋಡಿಕೊಂಡು ಕೊಡುವುದು ಬೇಕೇ ಬೇಕು. ಅದು ಆಳದಲ್ಲಿದೆ, ಸಂದು ಕಿರಿದು, ಅಂಕುಡೊಂಕು. ಒಳಗೆ ಹಿಡಿಯುವುದೇ ಸುಮಾರು 2 ಮಿಲಿ. ಕೈಯಲ್ಲಿ ಮುಟ್ಟಿ ಜಾಗ ಗುರುತಿಸಿ ಕೊಟ್ಟ ಇಂಜೆಕ್ಷನ್‌ಗಳನ್ನು ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2000ರಲ್ಲಿ ಬಂತು. ಕೀಲಿನ ಒಳಗೆ ಹೋಗಿದ್ದು ಶೇ 22 ಮಾತ್ರ. ಉಳಿದದ್ದೆಲ್ಲ ಸುತ್ತಮುತ್ತ.

ತೆಂಗು ಅವರಿಗೆ: ಹಳೇ ಫಿಲಂ ನೋಡಿ ಕೊಡುವುದಕ್ಕೂ, ಕೊಡುವಾಗಲೇ ನೋಡುವುದಕ್ಕೂ ವ್ಯತ್ಯಾಸ ದೊಡ್ಡದು. ಶಿರಾಡಿಯಲ್ಲಿ ಮಂಜು ಮುಸುಕಿದಾಗ ಕೈಯಲ್ಲಿ ನಕ್ಷೆ ಇದ್ದರೆ ಸಾಕಾ, ಎದುರಿನ ತಿರುವು ಕಾಣಬೇಕಲ್ವಾ.

ಆ ತಿರುವು ತೋರಿಸಲು ಎಂಆರ್‌ಐ ಒಂದೇ ಅಲ್ಲ. ಸಿ-ಆರ್ಮ್ ಇದೆ. ಆಪರೇಷನ್ ಥಿಯೇಟರ್‌ನಲ್ಲಿ ಮೂಳೆ ಡಾಕ್ಟರ್ ಬಳಸುವ, ಕ್ಷಣಕ್ಷಣದ ಎಕ್ಸ್‌ರೇ ತೋರಿಸುವ ಮಿಷನ್. ಸೂಜಿ ಒಳಗೆ ಹೋಯಿತಾ ಅಂತ ಒಂದೆರಡು ಹನಿ ಅಯೋಡಿನ್ ಡೈ ಬಿಟ್ಟು ನೋಡುತ್ತಾರೆ. ಡೈ ಕೀಲಿನ ಸಂದಿನಲ್ಲಿ ತೆಳ್ಳಗೆ ಹರಡಿದರೆ ಸರಿ. ಸಿಟಿ ಸ್ಕ್ಯಾನ್‌ನಲ್ಲೂ ಮಾಡುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ಮಂಡಿ, ಭುಜ, ಮಣಿಕಟ್ಟು ಚೆನ್ನಾಗಿ ಕಾಣುತ್ತದೆ. ಮೂಳೆ ದಾಟಿ ಅದರ ಕಣ್ಣು ಹೋಗುವುದಿಲ್ಲ, ಹಾಗಾಗಿ ಎಸ್‌ಐ ಜಾಯಿಂಟ್‌ನ ಹಿಂಭಾಗದ ಬಾಯಿಯವರೆಗೆ ಮಾತ್ರ ದಾರಿ ತೋರಿಸುತ್ತದೆ.

ಹಾಗಾದರೆ ಎಂಆರ್‌ಐ ಯಾರಿಗೆ? ಮಕ್ಕಳಿಗೆ. ಚಿಕ್ಕ ವಯಸ್ಸಿನಲ್ಲೇ ಸಂಧಿವಾತ ಬಂದು ಮತ್ತೆ ಮತ್ತೆ ಇಂಜೆಕ್ಷನ್ ಬೇಕಾಗುವ ಮಕ್ಕಳಿಗೆ ಸೊಂಟದ ಮೇಲೆ ಎಕ್ಸ್‌ರೇ ಕಿರಣ ಬೀಳದಿರುವುದು ದೊಡ್ಡ ಲಾಭ. ದವಡೆ ಕೀಲಿಗೂ ಹೀಗೆ ಕೊಡುತ್ತಾರೆ. ಮುಂದೆ ಮಕ್ಕಳಾಗಬೇಕಿರುವ ಯುವತಿಯರಿಗೂ ಇದೇ ಮಾತು. ಇನ್ನೊಂದು, ಎಕ್ಸ್‌ರೇಯಲ್ಲೂ ಸಿಟಿಯಲ್ಲೂ ಕಾಣದೆ ಎಂಆರ್‌ಐನಲ್ಲಿ ಮಾತ್ರ ಕಾಣುವ ಜಾಗಕ್ಕೇ ಸೂಜಿ ಹೋಗಬೇಕಾದಾಗ. 26 ವರ್ಷದ ಗಂಡು ಹುಡುಗನಿಗೆ ಒಂದು ಸಲದ ಇಂಜೆಕ್ಷನ್‌ಗೆ ಸಿ-ಆರ್ಮ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕಿರಣ ಬೀಳುವುದು ಸ್ವಲ್ಪವೇ ಹೊತ್ತು. ತೀರ್ಮಾನ ನಿಮ್ಮ ಡಾಕ್ಟರ್‌ದು.

ಕಾಫಿಕಣ ಚಿಕ್ಕಮಗಳೂರು

ಮಧ್ಯದಲ್ಲಿ ನಂದೊಂದು. ಮಂಡಿ ಸವೆತ. ಇಳಿಜಾರಿನ ತೋಟ, ಹತ್ತಿ ಇಳಿದು ಮಂಡಿ ಕೈಕೊಟ್ಟಿದೆ. ಹಣ್ಣು ಕೊಯ್ಲು ಬಂದರೆ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಸೀಸನ್ ದಾಟಿಸುವುದು ಅಭ್ಯಾಸ ಆಗಿಬಿಟ್ಟಿದೆ. ನನಗೆ ಶುಗರ್ ಇದೆ. ಕಳೆದ ಸಲ ಇಂಜೆಕ್ಷನ್ ಆದ ಮರುದಿನ ಮಿಷನ್‌ನಲ್ಲಿ ನೋಡಿದರೆ ಶುಗರ್ 340! ಹೆಂಡತಿ ಹಲಸಿನ ಹಣ್ಣು ತಿಂದಿರಬೇಕು ಅಂತ ನನ್ನನ್ನೇ ಬೈದಳು. ಜನವರಿಯಲ್ಲಿ ಹಲಸು ಎಲ್ಲಿಂದ ತರಲಿ ಹೇಳಿ. ಇಂಜೆಕ್ಷನ್ ಕೊಟ್ಟವರು ಈ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಪ್ರಶ್ನೆ: ಮಂಡಿಗೂ ಎಂಆರ್‌ಐ ನೋಡಿಕೊಂಡು ಕೊಟ್ಟರೆ ಜಾಸ್ತಿ ದಿನ ಬರುತ್ತದಾ?

ಪಿಜಿ ರೇಡಿಯಾಲಜಿ

ಇಲ್ಲ ಸರ್. ಮಂಡಿ ದೊಡ್ಡ ಕೀಲು, ಚರ್ಮದ ಹತ್ತಿರವೇ ಇದೆ. 2002ರ ಒಂದು ಅಧ್ಯಯನದಲ್ಲಿ ನೀರು ತುಂಬಿರದ ಮಂಡಿಗೆ ಚಿಪ್ಪಿನ ಹೊರಬದಿಯ ಮಧ್ಯದಿಂದ ಕೈಯಂದಾಜಿನಲ್ಲೇ ಕೊಟ್ಟಾಗ ಶೇ 93ರಷ್ಟು ಸಲ ಒಳಗೇ ಹೋಗಿತ್ತು. ಮುಂಭಾಗದಿಂದ ಕೊಟ್ಟಾಗ ಮುಕ್ಕಾಲು ಪಾಲಿಗೆ ಇಳಿಯಿತು. ಅಲ್ಟ್ರಾಸೌಂಡ್ ಇದ್ದರೆ ಇನ್ನೂ ಒಳ್ಳೆಯದು. ಎಂಆರ್‌ಐ ಅಗತ್ಯವೇ ಇಲ್ಲ.

ಆದರೆ ನಿಮ್ಮ ಅಭ್ಯಾಸದ ಬಗ್ಗೆ ಹೇಳಲೇಬೇಕು. 2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. ಮಂಡಿ ಸವೆತದ 140 ಜನ. ಅರ್ಧ ಜನಕ್ಕೆ 12 ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್ 40 ಮಿಲಿಗ್ರಾಂ, ಉಳಿದವರಿಗೆ ಉಪ್ಪುನೀರು. ಎರಡು ವರ್ಷ ಆದಮೇಲೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕೀಲಿನೊಳಗಿನ ಮೆತ್ತನೆಯ ಪದರ (ಮೃದ್ವಸ್ಥಿ) ಮಾತ್ರ ಸ್ಟೀರಾಯ್ಡ್ ಪಡೆದವರಲ್ಲಿ ಜಾಸ್ತಿ ತೆಳುವಾಗಿತ್ತು. ಆಗೊಮ್ಮೆ ಈಗೊಮ್ಮೆ ಒಂದು ತಗೊಂಡರೆ ಕೆಲವು ವಾರ ಆರಾಮ ಸಿಗುತ್ತದೆ, ಸರಿ. ಪದೇ ಪದೇ ಆದರೆ ಅಲ್ಲ.

ಶುಗರ್ ಏರುವುದು ಮಾಮೂಲಿ, ಕೆಲವು ದಿನ ಇರುತ್ತದೆ. ಮೊದಲೇ ಡಾಕ್ಟರ್‌ಗೆ ಹೇಳಿ, ಆ ವಾರ ದಿನಾ ಚೆಕ್ ಮಾಡಿಕೊಳ್ಳಿ. ಮಂಡಿ ಬದಲಾಯಿಸುವ ಆಪರೇಷನ್ ಯೋಚನೆ ಇದ್ದರೆ ಅದಕ್ಕೆ ಮೊದಲಿನ ಮೂರು ತಿಂಗಳು ಇಂಜೆಕ್ಷನ್ ಬೇಡ, ಸೋಂಕಿನ ಭಯ ಜಾಸ್ತಿ.

ಕಾಫಿಕಣ ಚಿಕ್ಕಮಗಳೂರು

ಅಲ್ಟ್ರಾಸೌಂಡ್ ಅಷ್ಟು ಸುಲಭ ಅಂತೀರಿ, ನಮ್ಮ ಮೂಳೆ ಡಾಕ್ಟರ್ ಹತ್ತಿರ ಆ ಮಿಷನ್ನೇ ಇಲ್ಲವಲ್ಲ?

ಮ್ಯಾಗ್ನೆಟ್ ರೂಮ್

ಅದಕ್ಕೆ ಕಾರಣ ಕಾನೂನು. ಭ್ರೂಣ ಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ಅಲ್ಟ್ರಾಸೌಂಡ್ ಮಿಷನ್ ಎಲ್ಲಿದ್ದರೂ ನೋಂದಣಿ ಬೇಕು. ಮಂಡಿ ನೋಡುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ ಅಂದರೂ ಬಿಡುವುದಿಲ್ಲ. ಒಂದು ರೂಮಿಂದ ಇನ್ನೊಂದು ಕಡೆಗೆ ಎತ್ತಿಕೊಂಡು ಹೋಗುವ ಚಿಕ್ಕ ಮಿಷನ್‌ಗಂತೂ ಇನ್ನೂ ಕಟ್ಟುನಿಟ್ಟು. ಕಾನೂನು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಣ್ಣ ಊರಿನ ಮೂಳೆ ಡಾಕ್ಟರ್ ಆ ತಲೆನೋವೇ ಬೇಡ ಅಂತ ಕೈಯಂದಾಜಿನಲ್ಲೇ ಕೊಟ್ಟುಬಿಡುತ್ತಾರೆ. ರೇಡಿಯಾಲಜಿಸ್ಟ್ ಹತ್ತಿರ ಕಳಿಸಿ ಅಂತ ನೀವೇ ಕೇಳಬಹುದು.

ಬೇಲೂರು ಬಸವ

ಇಷ್ಟೆಲ್ಲ ಯಾಕೆ. ನಮ್ಮ ಕಡೆ ಒಬ್ಬರು ಎಣ್ಣೆ ಕೊಡುತ್ತಾರೆ, ರಾತ್ರಿ ತಿಕ್ಕಿ ಬಿಸಿನೀರು ಹಾಕಿಕೊಂಡರೆ ಸೊಂಟ ಸಲೀಸು. ನಂಬರ್ ಬೇಕಿದ್ದರೆ ಮೆಸೇಜ್ ಮಾಡಿ.

ಹಾಸನದ ಫಿಸಿಯೋ

ಬಿಸಿನೀರು ಹಾಕಿಕೊಳ್ಳಲಿ, ಬೆಳಿಗ್ಗೆ ಹಿಡಿದುಕೊಂಡದ್ದು ಸ್ವಲ್ಪ ಬಿಡುತ್ತದೆ. ಆದರೆ ಈ ಕಾಯಿಲೆ ಕೀಲಿನೊಳಗೆ ಉರಿದು, ವರ್ಷಗಳಾದ ಮೇಲೆ ಮೂಳೆ ಮೂಳೆ ಬೆಸೆದುಕೊಳ್ಳುವಂಥದ್ದು. ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ತಿಕ್ಕುವ ಹೆಸರಲ್ಲಿ ಬೆನ್ನು ಹತ್ತಿ ತುಳಿಯುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ.

ಇಂಜೆಕ್ಷನ್ ಬಗ್ಗೆ ನನ್ನ ಒಂದೇ ಮಾತು. ಅದು ನೋವು ಇಳಿಸಿ ವ್ಯಾಯಾಮಕ್ಕೆ ಜಾಗ ಮಾಡಿಕೊಡುತ್ತದೆ. ನೋವು ಹೋಯಿತು ಅಂತ ಹುಡುಗರು ಅವತ್ತೇ ವ್ಯಾಯಾಮ ಬಿಡುತ್ತಾರೆ. ನಿಮ್ಮ ತಮ್ಮ ದಿನಾ ಬೆನ್ನು ಹಿಂದಕ್ಕೆ ಬಗ್ಗಿಸುವುದು, ಎದೆ ತುಂಬ ಉಸಿರು ಎಳೆಯುವುದು ನಿಲ್ಲಿಸಬಾರದು. ಸಿಗರೇಟ್ ಇದ್ದರೆ ಬಿಡಿಸಿ. ದಿಂಬು ತೆಳುವಾಗಿರಲಿ.

ಗೋಶಾಲೆ ಡಾಕ್ಟ್ರು

ನಾನು ದನದ ಡಾಕ್ಟರ್, ಚನ್ನರಾಯಪಟ್ಟಣ ಕಡೆ. ಮನುಷ್ಯರ ಚಿಕಿತ್ಸೆಗೆ ಮೂಗು ತೂರಿಸುವುದಿಲ್ಲ. ಆದರೆ ಮೊದಲ ಪೋಸ್ಟ್‌ನಲ್ಲಿ 'ಬಲಗಡೆ ಜಾಸ್ತಿ' ಅಂತ ಓದಿದಾಗ ಒಂದು ಪ್ರಶ್ನೆ ಬಂತು. ನಿಮ್ಮ ಮನೆಯಲ್ಲಿ ದನ ಇವೆಯಾ? ಈಚೆಗೆ ಯಾವುದಾದರೂ ಗಬ್ಬದ ಹಸು ಐದಾರು ತಿಂಗಳು ತುಂಬಿದ ಮೇಲೆ ಕಂದು ಹಾಕಿತ್ತಾ? ತಮ್ಮ ಕರು ಎಳೆಯುವುದು, ಮಾಸು ತೆಗೆಯುವುದು ಬರಿಗೈಯಲ್ಲಿ ಮಾಡುತ್ತಾರಾ? ಹಸಿ ಹಾಲು ಕುಡಿಯುತ್ತಾರಾ?

ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ದನದಿಂದ ಮನುಷ್ಯರಿಗೆ ಬರುತ್ತದೆ. ಬಂದರೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಮತ್ತೆ ಇದೇ ಎಸ್‌ಐ ಜಾಯಿಂಟ್‌ನಲ್ಲಿ ನೋವು, ಬಹಳ ಸಲ ಒಂದೇ ಕಡೆ. ನಮ್ಮ ವೃತ್ತಿಯವರಿಗೆ ಇದು ಚೆನ್ನಾಗಿ ಗೊತ್ತು, ಏಕೆಂದರೆ ಮೊದಲು ಅಂಟುವುದು ನಮಗೇ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ಲಸಿಕೆ ಹಾಕುವ ಕಾರ್ಯಕ್ರಮ 2019ರಿಂದ ದೇಶದಾದ್ಯಂತ ನಡೆಯುತ್ತಿದೆ. ನಿಮ್ಮ ಕರುಗಳಿಗೆ ಹಾಕಿಸಿದ್ದೀರಾ ನೋಡಿಕೊಳ್ಳಿ.

ಸಕಲೇಶಪುರದವ

ಸರ್, ಕಳೆದ ಮಳೆಗಾಲದಲ್ಲಿ ಒಂದು ಹಸು ಕಂದು ಹಾಕಿತ್ತು. ತಮ್ಮನೇ ಎಲ್ಲ ತೆಗೆದು ಹೂತು ಬಂದ. ಗ್ಲೌಸ್ ಎಲ್ಲಿಂದ ಬರಬೇಕು. ಹಾಲು ಕಾಯಿಸಿಯೇ ಕುಡಿಯುತ್ತೇವೆ, ಆದರೆ ಅವನು ಕರೆದ ತಕ್ಷಣ ನೊರೆಹಾಲು ಕುಡಿಯುವ ಗಿರಾಕಿ. ಜ್ವರ ಅಂತೇನೂ ಹೇಳಿಲ್ಲ. ಈಗ ಭಯ ಆಗುತ್ತಿದೆ.

ಪಿಜಿ ರೇಡಿಯಾಲಜಿ

ಭಯ ಬೇಡ, ಆದರೆ ಈ ವಿಷಯ ಡಾಕ್ಟರ್‌ಗೆ ಇಂಜೆಕ್ಷನ್‌ಗೆ ಮೊದಲೇ ಹೇಳಿ. ದನದ ಡಾಕ್ಟರ್ ಕೇಳಿದ್ದು ಈ ಚರ್ಚೆಯಲ್ಲೇ ಅತಿ ಮುಖ್ಯವಾದ ಪ್ರಶ್ನೆ. ಸೋಂಕಿರುವ ಕೀಲಿಗೆ ಸ್ಟೀರಾಯ್ಡ್ ಹಾಕಿದರೆ ಸೋಂಕು ಹಬ್ಬುತ್ತದೆ. ಎಂಆರ್‌ಐ ನೋಡಿಕೊಂಡು ಕರಾರುವಾಕ್ಕಾಗಿ ಹಾಕಿದರೂ ಅಷ್ಟೇ. ನಮ್ಮ ದೇಶದಲ್ಲಿ ಬ್ರುಸೆಲ್ಲಾ ಜೊತೆಗೆ ಟಿಬಿ ಕೂಡ ಇದೇ ಕೀಲಿಗೆ ಬರುತ್ತದೆ. ಎಚ್‌ಎಲ್‌ಎ-ಬಿ27 ಪಾಸಿಟಿವ್ ಅನ್ನುವುದೊಂದರಿಂದ ಸೋಂಕು ಇಲ್ಲ ಅಂತ ಆಗುವುದಿಲ್ಲ. ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಅದು ಪಾಸಿಟಿವ್ ಇರುತ್ತದೆ.

ಹಳೇ ಎಂಆರ್‌ಐಯನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಓದಿಸಿ. ಉರಿಯೂತ ಮೂಳೆಯಲ್ಲೇ ಇದೆಯಾ, ಸುತ್ತಲಿನ ಮಾಂಸಖಂಡಕ್ಕೂ ಹರಡಿದೆಯಾ, ಕೀವು ಕಟ್ಟಿದೆಯಾ ಅನ್ನುವುದು ಅದರಲ್ಲಿ ಕಾಣುತ್ತದೆ. ಮಾಂಸಖಂಡಕ್ಕೆ ಹರಡಿದ್ದರೆ ಸೋಂಕಿನ ಕಡೆಗೇ ಅನುಮಾನ. ನಿಜ ಹೇಳಬೇಕೆಂದರೆ ಎಂಆರ್‌ಐ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಸೂಜಿ ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವುದಕ್ಕೆ. ಹಾಕಬೇಕು ಅಂತಾದ ಮೇಲೆ ಸಿ-ಆರ್ಮ್ ಸಾಕು.

ಮಾಡರೇಟರ್

ಬೇಲೂರು ಬಸವ ಅವರೇ, ಇಲ್ಲಿ ಯಾರ ಫೋನ್ ನಂಬರನ್ನೂ ಹಂಚುವಂತಿಲ್ಲ. ಔಷಧಿ ಮಾರಾಟವೂ ಬೇಡ.

ಕಡೂರು ಕಮಲ

ನನಗೆ ಭುಜಕ್ಕೆ ಮೊದಲು ಇಂಜೆಕ್ಷನ್ ಕೊಟ್ಟು ಆಮೇಲೆ ಎಂಆರ್‌ಐ ಮಾಡಿದರು. ಅದೂ ಇದೇನಾ? ಎಂಆರ್‌ಐನಲ್ಲಿ ಔಷಧಿ ಕೊಡುತ್ತಾರೆ, ಅಲ್ಲಿಗೆ ವಾಸಿ ಅಂತ ಅಂದುಕೊಂಡು ಹೋಗಿದ್ದೆ. ನೋವು ಹಾಗೇ ಇದೆ. ಆ ಗುಹೆಯಲ್ಲಿ ಡಬಡಬ ಸದ್ದು ಕೇಳಿಕೊಂಡು ಮಲಗಿದ್ದೊಂದೇ ಬಂತು.

ಮ್ಯಾಗ್ನೆಟ್ ರೂಮ್

ಅದು ಆರ್ಥ್ರೋಗ್ರಾಂ ಮೇಡಂ, ಚಿಕಿತ್ಸೆ ಅಲ್ಲ. ಗ್ಯಾಡೊಲಿನಿಯಂ ಅನ್ನುವ ಡೈಯನ್ನು ತುಂಬ ತೆಳುವಾಗಿ ಬೆರೆಸಿ, 12 ಮಿಲಿ ಆಸುಪಾಸು ಭುಜದ ಕೀಲಿಗೆ ತುಂಬುತ್ತಾರೆ. ಕೀಲು ಉಬ್ಬಿದಾಗ ಒಳಗಿನ ಸಣ್ಣ ಹರಿದ ಜಾಗಕ್ಕೆ ಡೈ ನುಗ್ಗುತ್ತದೆ, ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುತ್ತದೆ. ಸೂಜಿ ಹಾಕುವುದು ಸಾಮಾನ್ಯವಾಗಿ ಹೊರಗೆ, ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಕೆಳಗೆ. ಇದನ್ನು ಮೊದಲೇ ಬಿಡಿಸಿ ಹೇಳಬೇಕಿತ್ತು. ರಿಪೋರ್ಟ್ ತಗೊಂಡು ಮೂಳೆ ಡಾಕ್ಟರ್ ಹತ್ತಿರ ಹೋಗಿ, ಚಿಕಿತ್ಸೆ ಇನ್ನು ಮೇಲೆ ಶುರು.

ಸಕಲೇಶಪುರದವ

ಅಪ್‌ಡೇಟ್. ರುಮಟಾಲಜಿ ಡಾಕ್ಟರ್‌ಗೆ ಹಸುವಿನ ಕಥೆ ಹೇಳಿದೆ. ಅವರು ಇಂಜೆಕ್ಷನ್ ಮುಂದಕ್ಕೆ ಹಾಕಿ ಬ್ರುಸೆಲ್ಲಾ ರಕ್ತಪರೀಕ್ಷೆ, ಎದೆ ಎಕ್ಸ್‌ರೇ, ಟಿಬಿ ಪರೀಕ್ಷೆ ಬರೆದರು. ಎಲ್ಲ ನೆಗೆಟಿವ್ ಬಂತು. ಹಳೇ ಎಂಆರ್‌ಐನ ಸಿ.ಡಿ.ಯನ್ನೂ ಇನ್ನೊಮ್ಮೆ ಓದಿಸಿದರು. ಎರಡೂ ಕಡೆ ಮೂಳೆಯಲ್ಲಿ ಮಾತ್ರ ಊತ, ಸುತ್ತ ಏನೂ ಇಲ್ಲ.

ಆಮೇಲೆ ಸಿ-ಆರ್ಮ್‌ನಲ್ಲೇ ಕೊಟ್ಟರು. ನನ್ನನ್ನು ಒಳಗೆ ಬಿಡಲಿಲ್ಲ, ಆದರೆ ಡೈ ಹರಡಿದ ಚಿತ್ರ ಆಮೇಲೆ ತೋರಿಸಿದರು. ಕಪ್ಪು ದಾರದ ಎಳೆ ಥರ ಕೀಲಿನುದ್ದಕ್ಕೂ ಇಳಿದಿತ್ತು. ಅವತ್ತು ಸಂಜೆ ತಮ್ಮ ನೋವೇ ಇಲ್ಲ ಅಂದ. ಮರುದಿನ ನೋವು ವಾಪಸ್, ಅಮ್ಮ ನೋಡು ನಾನು ಹೇಳಿರಲಿಲ್ವಾ ಅಂತ ಶುರು ಮಾಡಿದರು. ಮೊದಲ ದಿನದ್ದು ಮರಗಟ್ಟಿಸುವ ಔಷಧಿಯ ಆಟ, ಸ್ಟೀರಾಯ್ಡ್ ಕೆಲಸ ಮಾಡಲು ಕೆಲವು ದಿನ ಬೇಕು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಹಾಗೇ ಆಯಿತು. ಈಗ ಬೆಳಿಗ್ಗೆ ಏಳುವುದು ಎಷ್ಟೋ ಸುಲಭ. ಪೂರ್ತಿ ಹೋಗಿಲ್ಲ. ಮಾತ್ರೆ ಮುಂದುವರಿದಿದೆ, ಅದರಲ್ಲಿ ಬಗ್ಗದಿದ್ದರೆ ಬಯಾಲಜಿಕ್ ಅನ್ನುವ, ಉರಿಯೂತವನ್ನು ಬುಡದಲ್ಲೇ ತಡೆಯುವ ಥರದ ಇಂಜೆಕ್ಷನ್ ನೋಡೋಣ ಅಂದಿದ್ದಾರೆ.

ನೊರೆಹಾಲು ಬಂದ್. ಗ್ಲೌಸ್ ಡಬ್ಬ ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ.

ಗೋಶಾಲೆ ಡಾಕ್ಟ್ರು

ಒಳ್ಳೆಯ ಸುದ್ದಿ. ಆ ಹಸುವಿನ ರಕ್ತವನ್ನೂ ಪರೀಕ್ಷೆಗೆ ಕೊಡಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಪಾಸಿಟಿವ್ ಬಂದರೆ ಬೇರೆ ದನಗಳ ಜೊತೆ ಬಿಡಬೇಡಿ.

ಆಲೂರು ರಂಗ

ತಡವಾಗಿ ಕೇಳುತ್ತಿದ್ದೇನೆ. ಅಪ್ಪನಿಗೆ ಪೇಸ್‌ಮೇಕರ್ ಇದೆ, ಸೊಂಟದ ನೋವಿಗೆ ಎಂಆರ್‌ಐ ಬರೆದಿದ್ದಾರೆ. ಹೋಗಬಹುದಾ?

ಮ್ಯಾಗ್ನೆಟ್ ರೂಮ್

ಬುಕ್ ಮಾಡುವ ಮೊದಲೇ ಸೆಂಟರ್‌ಗೆ ಫೋನ್ ಮಾಡಿ ಹೇಳಿ. ಕೆಲವು ಹೊಸ ಪೇಸ್‌ಮೇಕರ್‌ಗಳಿಗೆ ಷರತ್ತಿನ ಮೇಲೆ ಎಂಆರ್‌ಐ ಮಾಡಬಹುದು, ಹಳೆಯ ಎಷ್ಟೋ ಮಾದರಿಗಳಿಗೆ ಆಗುವುದಿಲ್ಲ. ಹಾಕಿದಾಗ ಒಂದು ಕಾರ್ಡ್ ಕೊಟ್ಟಿರುತ್ತಾರೆ, ಅದರಲ್ಲಿ ಕಂಪನಿ, ಮಾಡೆಲ್ ನಂಬರ್ ಇರುತ್ತದೆ. ವೈರ್‌ಗಳ ಮಾಡೆಲ್ ಕೂಡ ಬೇಕು. ಹೃದಯದ ಡಾಕ್ಟರ್ ಒಪ್ಪಿಗೆ ಪತ್ರ ಇಲ್ಲದೆ ನಾವು ಬಾಗಿಲು ದಾಟಿಸುವುದಿಲ್ಲ, ಜಗಳ ಮಾಡಬೇಡಿ. ಕಾರ್ಡ್ ಮನೆಯಲ್ಲಿದೆಯಾ, ಮೊದಲು ಹುಡುಕಿ.